ಬೇಳೆಯ ಪೊಟ್ಟಣದ ಹಿಂದಿನ ಚರಿತ್ರೆ

ಪರದೇಶದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳು "ಈಗ ಇಲ್ಲಿ ಎಲ್ಲವೂ ಸಿಗುತ್ತದೆ, ಸರ್" ಎನ್ನುವುದುಂಟು. ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ಮಗಳ ಮನೆಯಲ್ಲಿದ್ದ ಕೆಲವು ತಿಂಗಳು ನಾನೂ ಅದನ್ನು ಕಂಡೆ. ಬ್ರೆಡ್ಡು, ಬೆಣ್ಣೆ ಮಾರುವ ಸಾಧಾರಣ ಸೂಪರ್‌ಮಾರ್ಕೆಟ್ಟಿನಲ್ಲಿಯೇ 'ವರ್ಲ್ಡ್ ಫುಡ್ಸ್' ಎಂಬ ಫಲಕದ ಕೆಳಗೆ ಬೇಳೆ, ಬಾಸ್ಮತಿ, ಹಪ್ಪಳ, ಉಪ್ಪಿನಕಾಯಿ ಸಾಲಾಗಿ ಕುಳಿತಿರುತ್ತವೆ. ಅವು ಅಲ್ಲಿಗೆ ಬಂದ ದಾರಿ ಮಾತ್ರ ಸುಗಮವಾಗಿರಲಿಲ್ಲ.

ಬ್ರಿಟಿಷರಿಗೆ ನಮ್ಮ ಮಸಾಲೆಯ ರುಚಿ ಹೊಸದಲ್ಲ. ಪಟ್ನಾದ ದೀನ್ ಮಹಮ್ಮದ್ ಎಂಬಾತ 1810ರಲ್ಲಿಯೇ ಲಂಡನ್ನಿನಲ್ಲಿ ಭಾರತೀಯ ಭೋಜನಗೃಹವೊಂದನ್ನು ತೆರೆದಿದ್ದ, 1812ರಲ್ಲಿ ದಿವಾಳಿಯಾದ. ಹೊಸ ರುಚಿಗಾಗಿ ಎಂದಾದರೊಮ್ಮೆ ಬರುವ ಗಿರಾಕಿಗಳನ್ನು ನಂಬಿ ದಿನಸಿ ವ್ಯಾಪಾರ ನಡೆಯದು. ದಿನವೂ ಬೇಳೆ ಬೇಯಿಸುವ ಮನೆಗಳು ಬೇಕು.

ಅಂಥ ಸಾವಿರಾರು ಮನೆಗಳನ್ನು ಒಮ್ಮೆಲೇ ತಂದದ್ದು ಒಂದು ಕ್ರೌರ್ಯ. 1972ರ ಆಗಸ್ಟ್‌ನಲ್ಲಿ ಉಗಾಂಡಾದ ಈದಿ ಅಮೀನ್ ಅಲ್ಲಿನ ಏಷ್ಯನ್ನರಿಗೆ ದೇಶ ಬಿಡಲು 90 ದಿನಗಳ ಗಡುವು ಕೊಟ್ಟ. ಅವರಲ್ಲಿ ಬಹುಮಂದಿ ಗುಜರಾತಿ ಮೂಲದವರು. ಅಂಗಡಿ, ಮನೆಗಳನ್ನು ತೊರೆದು ಸುಮಾರು 27,000 ಮಂದಿ ಬ್ರಿಟನ್ನಿಗೆ ಬಂದರು. ಲೆಸ್ಟರ್ ನಗರಸಭೆ, 'ದಯವಿಟ್ಟು ನಮ್ಮ ಊರಿಗೆ ಬರಬೇಡಿ' ಎಂಬ ಅರ್ಥದ ಜಾಹೀರಾತನ್ನು ಉಗಾಂಡಾದ ಪತ್ರಿಕೆಯಲ್ಲಿಯೇ ಪ್ರಕಟಿಸಿತು. ಆದರೂ ಸಾವಿರಾರು ಜನ ಅಲ್ಲಿಗೇ ಬಂದರು. ಬೆಲ್‌ಗ್ರೇವ್ ರಸ್ತೆಯಲ್ಲಿ ಬಾಗಿಲು ಮುಚ್ಚಿದ್ದ ಮಳಿಗೆಗಳನ್ನು ಹಿಡಿದು ದಿನಸಿ, ಸೀರೆ, ಮಿಠಾಯಿಯ ವ್ಯಾಪಾರ ಆರಂಭಿಸಿದರು.

ಇದಕ್ಕೂ ಮೊದಲೇ, 1956ರಲ್ಲಿ, ಕೀನ್ಯಾದಿಂದ ಬಂದ ಲಕ್ಷ್ಮೀಶಂಕರ ಪಾಠಕ್ ಲಂಡನ್ನಿನ ಮನೆಯಲ್ಲಿ ಸಮೋಸ ಮಾಡಿ ಮಾರಿ 'ಪಟಾಕ್ಸ್' ಉದ್ಯಮಕ್ಕೆ ಅಡಿಗಲ್ಲು ಹಾಕಿದ್ದರು. ಉಗಾಂಡಾದಿಂದ ಹೊರದೂಡಲ್ಪಟ್ಟ ಠಕ್ರಾರ್ ಕುಟುಂಬ 'ಟಿಲ್ಡಾ' ಬಾಸ್ಮತಿಯನ್ನು ಮನೆಮಾತಾಗಿಸಿತು. ಈ ಸಣ್ಣ ಅಂಗಡಿಗಳ ಮೂಲಕ ಗಿರಾಕಿಗಳು ಬೆಳೆದರು; ನೆರೆಯ ಆಂಗ್ಲರೂ ರುಚಿ ಹಿಡಿದರು. ಲಾಭ ಖಚಿತವೆಂದು ಕಂಡ ಮೇಲೆ ದೊಡ್ಡ ಮಳಿಗೆಗಳು ಜಾಗ ಬಿಟ್ಟುಕೊಟ್ಟವು. 2007ರಲ್ಲಿ ಪಟಾಕ್ಸ್ ಸಂಸ್ಥೆಯನ್ನು ಬ್ರಿಟನ್ನಿನ ಬೃಹತ್ ಆಹಾರ ಕಂಪನಿಯೊಂದು ಕೊಂಡಿತು.

ಪೊಟ್ಟಣದ ಮೇಲೆ ತೂಕ, ಬೆಲೆ, ದಿನಾಂಕಗಳಿರುತ್ತವೆ. ಈ ಕಥೆ ಇರುವುದಿಲ್ಲ. ಅಲ್ಲಿಯೇ ಹುಟ್ಟಿ ಬೆಳೆಯುತ್ತಿರುವ ನಿಮ್ಮ ಮಕ್ಕಳಿಗೆ ಅದನ್ನು ನೀವೇ ಹೇಳಬೇಕು. ಬರಬೇಡಿರೆಂದ ಊರಿನಲ್ಲಿಯೇ ಅಂಗಡಿಯ ಬಾಗಿಲು ತೆರೆದವರ ಋಣ ಆ ಬೇಳೆಯ ಸಾರಿನಲ್ಲಿದೆ.