ಒಂದೇ ಹಾಡು, ಎಷ್ಟು ಉದ್ದ?

ದಸರೆಯ ಹೊತ್ತಿಗೆ ದೇವರಗುಡ್ಡದಲ್ಲಿ ಮಾಲತೇಶನ ಗೊರವಯ್ಯ ಬಿಲ್ಲನ್ನೇರಿ ನುಡಿಯುವ ಕಾರಣಿಕ ಎಂಬ ಭವಿಷ್ಯವಾಣಿ ಒಂದೇ ಸಾಲಿನದು. ನಾಲ್ಕೈದು ಪದ ದಾಟಿದರೆ ಹೆಚ್ಚು. ಅದೇ ದೇವರ ಗೊರವರು ಕಂಬಳಿ ಹೊದ್ದು, ಡಮರುಗ ಹಿಡಿದು ಮೈಲಾರಲಿಂಗನ ಕತೆ ಹಾಡಲು ಕೂತರೆ ರಾತ್ರಿ ಸಾಲುವುದಿಲ್ಲ. ಇದರಲ್ಲಿ ಪೂರ್ತಿ ಯಾವುದು, ಕತ್ತರಿಸಿದ್ದು ಯಾವುದು ಎಂದು ಗುಡ್ಡದಲ್ಲಿ ಯಾರೂ ಕೇಳುವುದಿಲ್ಲ. ಡಿಸ್ಕೋ ಹಾಡುಗಳ ಪ್ಲೇಟು ಕೂಡಿಡುವವರು ಮಾತ್ರ ಐವತ್ತು ವರ್ಷದಿಂದ ಈ ಪ್ರಶ್ನೆಯನ್ನೇ ಹಿಡಿದು ಕೂತಿದ್ದಾರೆ. ಆಲ್ಬಮ್ಮಿನಲ್ಲಿರುವುದು ಅಸಲು ಹಾಡೋ, ಕುಣಿಯುವವರಿಗೆಂದು ಹಿಗ್ಗಿಸಿ 12 ಇಂಚಿನ ಪ್ಲೇಟಿಗೆ ಹಾಕಿದ್ದು ಅಸಲೋ? ಅವರ ಜಗಳದಲ್ಲಿ ನಾನು ಕುಣಿಯುವವರ ಪಕ್ಷ. ಹಾಡಿನ ಉದ್ದವನ್ನು ಮೊದಲು ಗೊತ್ತುಮಾಡುವುದು ಪ್ಲೇಟು, ಆಮೇಲೆ ಕಾಲು. ಹಾಡುಗಾರನ ಸರದಿ ಕೊನೆಗೆ.

ಪ್ಲೇಟಿನ ದರ್ಬಾರು ಎಂಥದೆಂಬುದು ನಮ್ಮವರಿಗೆ ಡಿಸ್ಕೋಗಿಂತ ಬಹಳ ಮೊದಲೇ ಗೊತ್ತಿತ್ತು. ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ ಪ್ಲೇಟಿನ ಒಂದು ಬದಿಗೆ ಹಿಡಿಯುತ್ತಿದ್ದದ್ದು ಮೂರು, ಮೂರೂವರೆ ನಿಮಿಷ. 1902ರಲ್ಲಿ ಕಲ್ಕತ್ತೆಯಲ್ಲಿ ಹಾಡಿದ ಗೌಹರ್ ಜಾನ್, ಆ ಮೂರು ನಿಮಿಷದಲ್ಲೇ ಕೊನೆಗೆ ತನ್ನ ಹೆಸರನ್ನೂ ಇಂಗ್ಲಿಷಿನಲ್ಲಿ ಕೂಗಿ ಮುಗಿಸುತ್ತಿದ್ದಳು. ಮುಂದೆ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಅಲ್ಲೇ ತೀರಿಕೊಂಡಳು. ನಮ್ಮ ಜಿಲ್ಲೆಯ ಹಾನಗಲ್ಲನ್ನು ಹೆಸರಿನಲ್ಲಿ ಹೊತ್ತ ಗಂಗೂಬಾಯಿ 1930ರ ದಶಕದಲ್ಲಿ 'ಗಾಂಧಾರಿ' ಎಂಬ ಹೆಸರಿನಲ್ಲಿ ಎಚ್‌ಎಂವಿಗೆ ಹಾಡಿದರು. ಬೈಠಕ್ಕಿನಲ್ಲಿ ಒಂದು ತಾಸು ಹರಡಿಕೊಳ್ಳುವ ರಾಗ ಆ ಪ್ಲೇಟಿನಲ್ಲಿ ಆಲಾಪದ ನೆರಳು ತೋರಿಸಿ, ಬಂದಿಶಿಗೆ ಹಾರಿ, ನಾಲ್ಕು ತಾನು ಬೀಸಿ ಮುಗಿಯಬೇಕು. ಅದನ್ನು ಕೇಳಿದರೆ ರಾಗ ಕುಗ್ಗಿದೆ ಅನ್ನಿಸುವುದಿಲ್ಲ, ಬಿಗಿದಿದೆ ಅನ್ನಿಸುತ್ತದೆ.

ಹಿಗ್ಗಿಸುವ ಕೆಲಸ ಇನ್ನೊಂದು ಕಡೆ ನಡೆದೇ ಇತ್ತು. ಕಂಪನಿ ನಾಟಕದ ಟೆಂಟಿನಲ್ಲಿ ಹಿಂದಿನ ಸಾಲಿನಿಂದ 'ಒನ್ಸ್‌ಮೋರ್' ಎಂದು ಕೂಗು ಬಿದ್ದರೆ, ಸತ್ತು ಬಿದ್ದ ಪಾತ್ರವೂ ಎದ್ದು ಮತ್ತೊಮ್ಮೆ ಹಾಡುತ್ತಿತ್ತು ಎಂದು ಹಿರಿಯರು ನಗುತ್ತ ಹೇಳುತ್ತಾರೆ. ಏಣಗಿ ಬಾಳಪ್ಪನವರಂಥ ಹಾಡುನಟರ ಕಾಲದಲ್ಲಿ ಪದದ ಉದ್ದ ಪುಸ್ತಕದಲ್ಲಿರಲಿಲ್ಲ, ಜನರ ಗಂಟಲಲ್ಲಿತ್ತು. ಕಾಲಪೆಟ್ಟಿಗೆಯ ಹಾರ್ಮೋನಿಯಂ ಬಾರಿಸುವವನು ಒಂದೇ ಸಾಲನ್ನು ಎರಡು, ಮೂರು ಸಲ ತಿರುಗಿಸಿ ಕೊಡಬೇಕು. ಇದನ್ನು ವಿಸ್ತೃತ ಪ್ರತಿ ಅನ್ನದೆ ಇನ್ನೇನನ್ನೋಣ?

1970ರ ದಶಕದ ನ್ಯೂಯಾರ್ಕಿನಲ್ಲಿ ಒನ್ಸ್‌ಮೋರ್ ಎಂದು ಕೂಗುವವರಿರಲಿಲ್ಲ. ಹಾಡು ಮುಗಿದರೆ ಜನ ಕುಣಿತ ನಿಲ್ಲಿಸಿ ಬದಿಗೆ ಸರಿಯುತ್ತಿದ್ದರು, ಅಷ್ಟೇ. 7 ಇಂಚಿನ ಸಿಂಗಲ್ ರೇಡಿಯೋಗೆಂದು ಮಾಡಿದ್ದು, ಮೂರು ಚಿಲ್ಲರೆ ನಿಮಿಷ. ಮೈ ಬೆಚ್ಚಗಾಗುವಷ್ಟರಲ್ಲಿ ಮುಗಿದಿರುತ್ತಿತ್ತು. ಇದನ್ನು ಕಂಡ ಟಾಮ್ ಮೌಲ್ಟನ್ ಎಂಬಾತ ಮನೆಯಲ್ಲಿ ಟೇಪು ಕತ್ತರಿಸಿ ಅಂಟಿಸಿ, ಹಾಡಿಗೆ ಹಾಡು ಹೊಸೆದು, ನಡುವೆ ತೆರಪಿಲ್ಲದ ರೀಲು ಮಾಡಿದ. ಮುಂದೆ ಸ್ಟುಡಿಯೋದಲ್ಲಿ ಅವನ ಹಾಡೊಂದರ ಮಾದರಿ ಪ್ಲೇಟು ಕೊರೆಯುವಾಗ 7 ಇಂಚಿನ ಖಾಲಿ ತಟ್ಟೆ ತೀರಿತ್ತು. ಕೊರೆಯುವ ಹೋಸೆ ರೋಡ್ರಿಗಸ್ 10 ಇಂಚಿನದನ್ನೇ ತೆಗೆದುಕೊಂಡ. ಅಷ್ಟು ದೊಡ್ಡ ತಟ್ಟೆಯಲ್ಲಿ ಇಷ್ಟೇ ಗೀರು ಚೆನ್ನಾಗಿ ಕಾಣಲಿಲ್ಲವೆಂದು ಗೀರುಗಳನ್ನು ಅಗಲಕ್ಕೆ ಹರಡಿ, ಸದ್ದು ಏರಿಸಿದರು. ಮುಳ್ಳು ಇಟ್ಟರೆ ಡೋಲೂ ಬೇಸೂ ಎದೆಗೇ ಬಡಿದವು. ಆ 10 ಇಂಚೇ ಮುಂದೆ 12ಕ್ಕೆ ಬೆಳೆಯಿತು. 12 ಇಂಚಿನ ಸಿಂಗಲ್ ಹುಟ್ಟಿದ್ದು ಹೀಗೆ, ಸ್ಟುಡಿಯೋದಲ್ಲಿ ಸಾಮಾನು ಮುಗಿದದ್ದರಿಂದ.

ಆಲ್ಬಮ್ಮಿಗೂ ಇದಕ್ಕೂ ಇರುವ ಮೊದಲ ವ್ಯತ್ಯಾಸ ಈ ಗೀರಿನದೇ. ಎಲ್ಪಿಯ ಒಂದು ಬದಿಗೆ 20 ನಿಮಿಷ ತುಂಬಬೇಕಾದಾಗ ಗೀರುಗಳು ಸಂತೆಯ ಜನರ ಹಾಗೆ ಒತ್ತಿಕೊಂಡು ನಿಲ್ಲುತ್ತವೆ. ತಗ್ಗಿನ ಸ್ವರಕ್ಕೆ ಗೀರು ಅಗಲವಾಗಿ ಹೊಯ್ದಾಡಬೇಕು, ಜಾಗವಿಲ್ಲ, ಸದ್ದು ಇಳಿಸಲೇಬೇಕು. ಅದೇ ಅಗಲದ ತಟ್ಟೆಗೆ ಒಂದೇ ಹಾಡು ಹಾಕಿದರೆ ಬೇಸಿಗೆ ಮೈ ಮುರಿಯಲು ಜಾಗ ಸಿಕ್ಕಿತು. ಆದ್ದರಿಂದ ನಿಮಿಷ ಸೆಕೆಂಡಿನ ಪಟ್ಟಿ ನೋಡಿ ಎರಡು ಪ್ರತಿಗಳನ್ನು ತೂಗುವವರು ಅರ್ಧ ಸಂಗತಿಯನ್ನಷ್ಟೇ ನೋಡುತ್ತಾರೆ. ಎಷ್ಟೋ ಸಲ 12 ಇಂಚಿನಲ್ಲಿರುವುದು ಆಲ್ಬಮ್ಮಿನ ಹಾಡೇ, ದನಿ ಮಾತ್ರ ಗಟ್ಟಿ.

ಎರಡನೆಯ ವ್ಯತ್ಯಾಸ ಕಟ್ಟಡದ್ದು. 1976ರಲ್ಲಿ ಸಾಲ್‌ಸೋಲ್ ಕಂಪನಿ ಡಬಲ್ ಎಕ್ಸ್‌ಪೋಷರ್ ತಂಡದ 'ಟೆನ್ ಪರ್ಸೆಂಟ್' ಹಾಡನ್ನು 12 ಇಂಚಿನಲ್ಲಿ ಅಂಗಡಿಗೆ ಬಿಟ್ಟಿತು. ಸಾಮಾನ್ಯರು ಕೊಳ್ಳಬಹುದಾದ ಮೊದಲ 12 ಇಂಚಿನ ಸಿಂಗಲ್ ಅದೇ. ಡಿಜೆ ವಾಲ್ಟರ್ ಗಿಬ್ಬನ್ಸ್ ಅದನ್ನು ಒಂಬತ್ತು ನಿಮಿಷ ದಾಟಿಸಿದ್ದ. ಅವನು ಹೊಸ ಚರಣ ಬರೆಸಲಿಲ್ಲ. ಇದ್ದದ್ದನ್ನು ಒಂದೊಂದಾಗಿ ತೆಗೆದ. ಹಾಡುಗಾರರನ್ನು ಹೊರಗೆ ಕಳಿಸಿದ, ಪಿಟೀಲನ್ನು ಕಳಿಸಿದ, ಡೋಲನ್ನು ಉಳಿಸಿಕೊಂಡ. ಆಮೇಲೆ ಒಬ್ಬೊಬ್ಬರನ್ನೇ ಒಳಗೆ ಕರೆದ. ಹಾಡು ಉದ್ದವಾದದ್ದು ತುಂಬಿಸಿದ್ದರಿಂದಲ್ಲ, ಖಾಲಿ ಮಾಡಿದ್ದರಿಂದ. ಗೊರವರ ಕುಣಿತ ನೋಡಿದವರಿಗೆ ಇದು ಹೊಸತಲ್ಲ. ಪದ ನಿಂತು ಡಮರುಗವೊಂದೇ ಮಾತಾಡುವಾಗಲೇ ಮೈಗೆ ಆವೇಶ ಏರುವುದು.

ಎಲ್ಲ ಹಾಡುಗಳೂ ಆಲ್ಬಮ್ಮಿನಲ್ಲಿ ಸಣ್ಣದಿದ್ದು 12 ಇಂಚಿನಲ್ಲಿ ದೊಡ್ಡದಾದವು ಎಂದಲ್ಲ. ಜಾರ್ಜಿಯೋ ಮೊರೋಡರ್ ಮಾಡಿದ ಡಾನಾ ಸಮರ್‌ಳ 'ಲವ್ ಟು ಲವ್ ಯೂ ಬೇಬಿ' ಮೊದಲು ಪುಟ್ಟ ಸಿಂಗಲ್ಲೇ. ಅಮೆರಿಕದ ಕಂಪನಿಯ ಯಜಮಾನ ನೀಲ್ ಬೋಗಾರ್ಟ್ ಉದ್ದದ್ದು ಬೇಕೆಂದು ಹಟ ಹಿಡಿದ ಮೇಲೆ, 1975ರ ಆಲ್ಬಮ್ಮಿನಲ್ಲಿ ಸುಮಾರು 17 ನಿಮಿಷದ ಆ ಒಂದೇ ಹಾಡು ಒಂದು ಬದಿಯನ್ನು ಪೂರ್ತಿ ನುಂಗಿತು. ಇಲ್ಲಿ ಆಲ್ಬಮ್ಮೇ ವಿಸ್ತೃತ ಪ್ರತಿ. ಶಿಕ್ ತಂಡದ 'ಗುಡ್ ಟೈಮ್ಸ್' (1979) ಆಲ್ಬಮ್ಮಿನಲ್ಲಿ ಎಂಟು ನಿಮಿಷ, ರೇಡಿಯೋ ಸಿಂಗಲ್ಲಿನಲ್ಲಿ ನಾಲ್ಕಕ್ಕೂ ಕಡಿಮೆ. ಡಾನಾ ಸಮರ್‌ಳದೇ 'ಐ ಫೀಲ್ ಲವ್' (1977) ಆಲ್ಬಮ್ಮಿನಲ್ಲಿ ಆರು ನಿಮಿಷದ ಹತ್ತಿರ, 12 ಇಂಚಿನಲ್ಲಿ ಎಂಟು ದಾಟುತ್ತದೆ. ಪ್ಯಾಟ್ರಿಕ್ ಕೌಲಿ ಎಂಬಾತ ಯಾರ ಅಪ್ಪಣೆಯನ್ನೂ ಕೇಳದೆ ಅದನ್ನು 15 ನಿಮಿಷಕ್ಕೂ ಮಿಕ್ಕಿ ಎಳೆದ. ಮುಂದೆ 1982ರಲ್ಲಿ ಕಂಪನಿಯೇ ಅದನ್ನು ಮಾರಿತು.

ಈ ಕತೆಯಲ್ಲಿ ನಮ್ಮವನೊಬ್ಬನಿದ್ದಾನೆ. 1945ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಬಿದ್ದು ಅಪ್ಪಯ್ಯ, ಕೊಡವರ ಮಗ. ಗಿಟಾರು ಹಿಡಿದು ಇಂಗ್ಲೆಂಡಿಗೆ ಹೋದವನು 1974ರಲ್ಲಿ ಕಾರ್ಲ್ ಡಗ್ಲಸ್‌ನಿಂದ 'ಕುಂಗ್ ಫೂ ಫೈಟಿಂಗ್' ಹಾಡಿಸಿದ. ಅದು ಪ್ಲೇಟಿನ ಹಿಂಬದಿ ತುಂಬಲೆಂದು, ಸ್ಟುಡಿಯೋದಲ್ಲಿ ಉಳಿದಿದ್ದ ಹತ್ತು ನಿಮಿಷದಲ್ಲಿ ಅವಸರಕ್ಕೆ ಮಾಡಿದ್ದು. ಅಮೆರಿಕ, ಬ್ರಿಟನ್ ಎರಡರಲ್ಲೂ ಮೊದಲ ಸ್ಥಾನಕ್ಕೇರಿತು. 1980ರ 'ಕುರ್ಬಾನಿ' ಚಿತ್ರಕ್ಕೆ ನಾಜಿಯಾ ಹಸನ್ ಎಂಬ ಹದಿನೈದರ ಹುಡುಗಿಯಿಂದ ಲಂಡನ್ನಿನಲ್ಲಿ ಹಾಡಿಸಿದವನೂ ಅವನೇ. ಆ ಚಿತ್ರದ ನಿರ್ದೇಶಕ ಫಿರೋಜ್ ಖಾನ್ ಕೂಡ ಬೆಂಗಳೂರಿನಲ್ಲೇ ಹುಟ್ಟಿದವರು. ಹಿಂದಿ ಡಿಸ್ಕೋದ ಬೇರು ಕೆದಕಿದರೆ ಕಬ್ಬನ್ ಪಾರ್ಕಿನ ಮಣ್ಣು ಸಿಗುತ್ತದೆ.

ಕನ್ನಡದಲ್ಲಿ ಈ ತಾಳ ತೆರೆಯ ಮೇಲೇ ಕುಣಿಯಿತು. 1978ರ 'ಆಪರೇಷನ್ ಡೈಮಂಡ್ ರಾಕೆಟ್'ನಲ್ಲಿ ರಾಜ್‌ಕುಮಾರ್ ಇಂಗ್ಲಿಷ್ ಹಾಡನ್ನೇ ಹಾಡಿದರು. 1981ರ 'ಗೀತಾ'ದಲ್ಲಿ ಶಂಕರ್ ನಾಗ್ ಕುಣಿದದ್ದು ಇಳಯರಾಜಾ ಸಂಗೀತಕ್ಕೆ, ಎಸ್ಪಿಬಿ ದನಿಗೆ. 12 ಇಂಚಿನ ಪ್ರತಿಯನ್ನು ಇಲ್ಲಿ ಬೇಡಿದವರಿಲ್ಲ, ಕುಣಿಯುವ ಹಾಲೇ ಇಲ್ಲದ ಮೇಲೆ ಯಾರಿಗೆ ಬೇಕು? ಗಣೇಶನ ಪೆಂಡಾಲಿನ ರಸಮಂಜರಿಯಲ್ಲಿ ಮಾತ್ರ ಕೀಬೋರ್ಡಿನವನು ನಡುವಿನ ಬಿಜಿಎಂ ಅನ್ನು ನಾಲ್ಕು ಸಲ ತಿರುಗಿಸಿ ಬಾರಿಸುತ್ತಿದ್ದ, ಹುಡುಗರು ಧೂಳೆಬ್ಬಿಸುತ್ತಿದ್ದರು. 1982ರಲ್ಲಿ ಮುಂಬೈಯ ಚರಣಜಿತ್ ಸಿಂಗ್ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಹೂಡಿ ಒಂದೇ ಎಲ್ಪಿಗೆ ತುರುಕಿದರು. ಕುಣಿಯುವವರ ತಾಳವೇನೋ ಬಂತು, ರಾಗಕ್ಕೆ ಮಾತ್ರ ಹಳೆಯ 78ರ ಇಕ್ಕಟ್ಟೇ ಸಿಕ್ಕಿತು. ಆಗ ಯಾರೂ ಕಿವಿಗೊಡಲಿಲ್ಲ. 2010ರಲ್ಲಿ ಮರುಮುದ್ರಣವಾದಾಗ ಯುರೋಪಿನ ಹುಡುಗರು ಬೆರಗಾದರು.

ನಮ್ಮ ಕಡೆ ಪ್ಲೇಟಿನ ಗಡಿ ಒಡೆದದ್ದು ಕ್ಯಾಸೆಟ್ಟು. ಬದಿಗೆ ಅರ್ಧ ತಾಸು ಸಿಕ್ಕಿದ್ದೇ ಡೊಳ್ಳಿನ ಪದ, ಗೀಗೀ ಪದ, ನಾಟಕದ ಪೂರ್ತಿ ಅಂಕ ಎಲ್ಲ ರಾಣೆಬೆನ್ನೂರಿನ ಬಸ್‌ಸ್ಟ್ಯಾಂಡಿಗೆ ಬಂದವು. ಈಗ ಟ್ರ್ಯಾಕ್ಟರಿನ ಟ್ರೇಲರಿಗೆ ಆಳೆತ್ತರದ ಬಾಕ್ಸು ಕಟ್ಟಿ, ಜನಪದ ಹಾಡಿಗೆ ಡಿಜೆ ಬೀಟು ಕೂಡಿಸಿ ಜಾತ್ರೆಯಲ್ಲಿ ಬಿಡುತ್ತಾರೆ. ಪದ ಒಂದು ನಿಮಿಷ, ಬೀಟು ಆರು. ಗಿಬ್ಬನ್ಸ್‌ನ ಹೆಸರು ಕೇಳದ ಹುಡುಗರು ಅವನ ಕೆಲಸವನ್ನೇ ಮಾಡುತ್ತಿದ್ದಾರೆ. ಸದ್ದು ಅತಿಯಾಯಿತು ಎಂಬ ನನ್ನ ತಕರಾರು ಹಾಗೇ ಇದೆ. ಆದರೆ ಅವರಿಗೆ ಲೆಕ್ಕ ತಪ್ಪಿಲ್ಲ.

ಕಾರಣಿಕಕ್ಕೂ ಈಗ ಎರಡು ಪ್ರತಿ. ಟಿವಿಯಲ್ಲಿ ಆ ಒಂದು ಸಾಲಿಗೆ ಮಳೆ, ಬೆಳೆ, ರಾಜಕೀಯ ಎಂದು ಸಂಜೆಯವರೆಗೆ ಅರ್ಥ ಎಳೆಯುತ್ತಾರೆ. ಮೊಬೈಲಿಗೆ ಬರುವ ತುಣುಕಿನಲ್ಲಿ ಸಾಲು ಮಾತ್ರ ಇರುತ್ತದೆ. ಗೊರವಯ್ಯ ಬಿಲ್ಲಿನ ತುದಿಯಲ್ಲಿ ನಿಂತು 'ಸದ್ದಲೇ' ಎಂದದ್ದು, ಅದುವರೆಗೆ ಏಳು ಕೋಟಿ ಎಂದು ಕೂಗುತ್ತಿದ್ದ ಅಷ್ಟು ಜನ ಒಮ್ಮೆಗೇ ಉಸಿರು ಹಿಡಿದದ್ದು, ಡಮರುಗ ನಿಂತದ್ದು ಎರಡರಲ್ಲೂ ಇರುವುದಿಲ್ಲ. ಅದನ್ನು ಕೇಳಬೇಕಾದರೆ ಗುಡ್ಡಕ್ಕೇ ಹೋಗಬೇಕು.