ವಸಂತ ಋತುವಿನ ಉದ್ಯಾನಕ್ಕೆ ಹೂಗಿಡಗಳ ಆಯ್ಕೆ

1443ರಲ್ಲಿ ವಿಜಯನಗರಕ್ಕೆ ಭೇಟಿ ನೀಡಿದ್ದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್, ಇಲ್ಲಿನ ಜನರಿಗೆ ಗುಲಾಬಿಯು ಆಹಾರದಷ್ಟೇ ಅವಶ್ಯವೆಂದು ದಾಖಲಿಸಿರುತ್ತಾನೆ.

ಹೊಸಪೇಟೆ, ಹಂಪಿ, ಸಂಡೂರು ಹಾಗೂ ಕಂಪ್ಲಿ ಪ್ರದೇಶಗಳಲ್ಲಿ ವಸಂತವು ಬೇಸಿಗೆಯೊಡನೆಯೇ ಬರುವುದರಿಂದ, ಚಳಿಗಾಲದ ಪೆಟೂನಿಯಾ, ಪ್ಯಾನ್ಸಿ ಸಸಿಗಳನ್ನು ಫೆಬ್ರವರಿಯ ನಂತರ ಖರೀದಿಸಿದಲ್ಲಿ ಅವು ಬೇಗನೆ ಬಾಡಿ ವೆಚ್ಚವು ವ್ಯರ್ಥವಾಗುತ್ತದೆ.

ಸೂಕ್ತ ಆಯ್ಕೆ:

1. ಪೂರ್ಣ ಬಿಸಿಲಿಗೆ: ಜಿನಿಯಾ, ಪೋರ್ಚುಲಾಕಾ, ನಿತ್ಯಪುಷ್ಪ, ಕಾಗದದ ಹೂ.
2. ಭಾಗಶಃ ನೆರಳಿಗೆ: ಕನಕಾಂಬರ.
3. ಕಪ್ಪು ಮಣ್ಣಿನಲ್ಲಿ: ನೀರು ನಿಲ್ಲದಂತೆ ಏರುಮಡಿ ನಿರ್ಮಿಸಿ, ಕೊಟ್ಟಿಗೆ ಗೊಬ್ಬರ ಬೆರೆಸತಕ್ಕದ್ದು.

ನಾಟಿಯನ್ನು ಸಂಜೆಯ ವೇಳೆ ಕೈಗೊಳ್ಳುವುದು ಉತ್ತಮ.

ವಿಶೇಷ ಸೂಚನೆ: ಕಣಗಿಲೆಯ ಎಲ್ಲಾ ಭಾಗಗಳೂ ವಿಷಕಾರಿಯಾಗಿದ್ದು, ಮಕ್ಕಳು ಹಾಗೂ ಜಾನುವಾರುಗಳು ಸಂಚರಿಸುವ ಸ್ಥಳದಲ್ಲಿ ಅದನ್ನು ನೆಡಬಾರದು.

ಹೆಚ್ಚಿನ ಮಾಹಿತಿಗಾಗಿ ಸಾರ್ವಜನಿಕರು ಸಂಬಂಧಪಟ್ಟ ತಾಲ್ಲೂಕು ತೋಟಗಾರಿಕೆ ಕಚೇರಿಯನ್ನು ಸಂಪರ್ಕಿಸಬಹುದು.