ಪಂಚಮಿಯ ಹಾಡೂ ಪರದೇಶದ ವಾದ್ಯವೂ

ಶ್ರಾವಣ ಶುದ್ಧ ಪಂಚಮಿಯು ಬೆಳಗಾವಿ ಖಾನಾಪುರಗಳ ಸೀಮೆಯಲ್ಲಿ ಹೆಣ್ಣುಮಕ್ಕಳ ಹಬ್ಬವೆಂದು ಪ್ರಸಿದ್ಧವಾಗಿದೆ. ಅಣ್ಣನು ಬಂದು ತಂಗಿಯನ್ನು ತವರಿಗೆ ಕರೆದೊಯ್ಯುವುದು, ನಾಗಪ್ಪನಿಗೆ ಹಾಲೆರೆಯುವುದು, ಮರಕ್ಕೆ ಜೋಕಾಲಿ ಕಟ್ಟಿ ಜೀಕುತ್ತ ಹಾಡುವುದು ಇದರ ಅಂಗಗಳು. ಈ ಹಾಡುಗಳನ್ನು ಪೇಟಿಯ ಮೇಲೆಯೂ ಈಚೆಗೆ ಗಿಟಾರಿನ ಮೇಲೆಯೂ ಕಲಿಯುವ ಕುತೂಹಲವು ತರುಣರಲ್ಲಿ ಕಂಡುಬರುತ್ತಿದೆ. ಕಂಠದಲ್ಲಿ ಬೆಳೆದ ಹಾಡು ಪರದೇಶದ ವಾದ್ಯಕ್ಕೆ ಒಗ್ಗುವುದೇ, ಒಗ್ಗಿದರೆ ಏನನ್ನು ಕಳೆದುಕೊಳ್ಳುವುದು ಎಂಬುದು ವಿಚಾರಾರ್ಹವಾಗಿದೆ.

ಮೊದಲು ಹಾಡಿನ ಕಟ್ಟನ್ನು ನೋಡತಕ್ಕದ್ದು. ಹೆಣ್ಣುಮಕ್ಕಳ ಹಾಡುಗಳಲ್ಲಿ ತ್ರಿಪದಿಗಳೇ ಬಹಳ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ, ಎಂದರೆ ಕ್ರಿ. ಶ. 700ರ ಸುಮಾರಿಗೇ, ಈ ಛಂದಸ್ಸು ಕಾಣುವುದರಿಂದ ಇದರ ಪ್ರಾಚೀನತೆ ನಿಸ್ಸಂದೇಹವಾದುದು. ಇದರ 11 ಅಂಶಗಣಗಳಲ್ಲಿ 6ನೆಯದೂ 10ನೆಯದೂ ಬ್ರಹ್ಮಗಣಗಳು, ಉಳಿದವು ವಿಷ್ಣುಗಣಗಳು. ಅಂಶಗಣದ ಅಕ್ಷರವು ಹಾಡುವವಳ ಉಸಿರಿಗೆ ತಕ್ಕಂತೆ ಹಿಗ್ಗುವುದು, ಕುಗ್ಗುವುದು. ಬರಹದಲ್ಲಿ ಮೂರೇ ಸಾಲುಗಳಿದ್ದರೂ ಹಾಡುವಾಗ ಎರಡನೆಯ ಸಾಲನ್ನು ಮರಳಿ ಹೇಳಿ ಮೂರನೆಯದಕ್ಕೆ ಇಳಿಯುವುದು ವಾಡಿಕೆ. 1931ರಲ್ಲಿ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಸಂಗ್ರಹವನ್ನು ಪ್ರಕಟಿಸಿ ಮಹೋಪಕಾರ ಮಾಡಿದರು. ಆದರೆ ಅಚ್ಚಿನ ಪುಸ್ತಕವು ಮಾತನ್ನು ಉಳಿಸಬಲ್ಲುದೇ ಹೊರತು ಧಾಟಿಯನ್ನು ಉಳಿಸಲಾರದು. ಧಾಟಿಯು ಮುದುಕಿಯರ ಕಂಠದಲ್ಲಿದೆ, ಅವರೊಡನೆಯೇ ಹೋಗುವುದು. ಆದುದರಿಂದ ವಾದ್ಯದ ಪ್ರಶ್ನೆಯು ಬರಿಯ ವಿನೋದದ್ದಲ್ಲ.

ಇನ್ನು ಪೇಟಿ. ಇದು 1840ರ ದಶಕದ ಆರಂಭದಲ್ಲಿ ಪ್ಯಾರಿಸಿನ ದೆಬ್ಯಾಂ ಎಂಬಾತನ ಕೈಯಲ್ಲಿ ರೂಪುಗೊಂಡಿತು. ಕಲ್ಕತ್ತೆಯ ದ್ವಾರಕಾನಾಥ ಘೋಷರು ಆ ಶತಮಾನದ ಉತ್ತರಾರ್ಧದಲ್ಲಿ ಅದನ್ನು ನೆಲದ ಮೇಲೆ ಕುಳಿತು ಕೈಯಿಂದ ತಿದಿಯೊತ್ತಿ ನುಡಿಸುವಂತೆ ಅಳವಡಿಸಿದರು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1843ರಲ್ಲಿ ಜನಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಶಾಕುಂತಲವನ್ನು ಸಂಗೀತನಾಟಕವಾಗಿ ಆಡಿಸಿದ ತರುವಾಯ ಬೆಳೆದ ರಂಗಭೂಮಿಯು ಪೇಟಿಗೆ ದೊಡ್ಡ ಆಶ್ರಯವಾಯಿತು.

ಆದರೆ ಆಕ್ಷೇಪಗಳೂ ಹುಟ್ಟಿದವು. ಭರತಮುನಿಯು ಸಪ್ತಕಕ್ಕೆ 22 ಶ್ರುತಿಗಳನ್ನು ಹೇಳಿದ್ದಾನೆ. ಪೇಟಿಗಿರುವ ಸ್ವರಸ್ಥಾನಗಳು 12 ಮಾತ್ರ. ಸಾಂಗಲಿಯ ಕೃಷ್ಣಾಜಿ ಬಲ್ಲಾಳ ದೇವಲರೂ ಕ್ಲೆಮೆಂಟ್ಸ್ ಎಂಬ ಆಂಗ್ಲ ನ್ಯಾಯಾಧೀಶರೂ ಶ್ರುತಿಪೇಟಿಯನ್ನು ಸಾಧಿಸಲೆತ್ನಿಸಿದರು; ಅದು ಬಳಕೆಯಲ್ಲಿ ನಿಲ್ಲಲಿಲ್ಲ. 1940ರಲ್ಲಿ ಅಖಿಲ ಭಾರತ ರೇಡಿಯೋ ಪೇಟಿಯನ್ನು ನಿಷೇಧಿಸಿತು; ಆ ನಿಷೇಧವು 1971ರಲ್ಲಿ ಸಡಿಲವಾಯಿತು. ಇತ್ತ ಪಂಡಿತ ರಾಮಭಾವೂ ವಿಜಾಪುರೆಯವರು (1917–2010) ಬೆಳಗಾವಿಯಲ್ಲಿ ದೀರ್ಘಕಾಲ ಶಿಷ್ಯರಿಗೆ ಪೇಟಿಯನ್ನು ಕಲಿಸಿದರು. ವಾದ್ಯದ ದೋಷವನ್ನು ನಿಪುಣನಾದ ವಾದಕನು ಬಹುಮಟ್ಟಿಗೆ ಮರೆಸಬಲ್ಲನೆಂಬುದಕ್ಕೆ ಇದೇ ನಿದರ್ಶನ.

ಗಿಟಾರಿನ ಸಂಗತಿ ಬೇರೆ. ಪೇಟಿಯಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು ಅಶಕ್ಯ. ಗಿಟಾರಿನಲ್ಲಾದರೋ ತಂತಿಯನ್ನು ಬದಿಗೆಳೆದು ಸ್ವರವನ್ನು ಏರಿಸಬಹುದು. ಬೆರಳನ್ನೋ ಕಬ್ಬಿಣದ ಕಡ್ಡಿಯನ್ನೋ ಜಾರಿಸಿ ಮೀಂಡನ್ನು ತರಬಹುದು. ಬ್ರಿಜ್‌ಭೂಷಣ ಕಾಬ್ರಾ ಅವರು 1967ರಲ್ಲಿ ಸಂತೂರು, ಕೊಳಲುಗಳ ಜೊತೆ ನುಡಿಸಿದ ಧ್ವನಿಮುದ್ರಿಕೆಯಿಂದ ಇದು ಲೋಕವಿದಿತವಾಯಿತು. ಸಾಲಿನ ಕೊನೆಯಲ್ಲಿ ಧ್ವನಿಯು ಬಾಗುವ ಜೋಕಾಲಿಯ ಹಾಡಿಗೆ ಈ ಗುಣವು ಅನುಕೂಲವೇ ಸರಿ. ಆದರೆ ಹಲವು ಸ್ವರಗಳನ್ನು ಒಮ್ಮೆಗೇ ಮೀಟುವ ಪಾಶ್ಚಾತ್ಯ ಪದ್ಧತಿಯನ್ನು ಪ್ರತಿಯೊಂದು ಗಣಕ್ಕೂ ಹೇರಿದರೆ, ಹಿಗ್ಗಿ ಕುಗ್ಗುವ ಅಂಶಗಣವು ಗಡಿಯಾರದ ಮುಳ್ಳಿನಂತೆ ನಡೆಯತೊಡಗುವುದು.

ನೃತ್ಯವು ವಾದ್ಯವನ್ನೂ ವಾದ್ಯವು ಗೀತವನ್ನೂ ಅನುಸರಿಸುವುದರಿಂದ ಗೀತವೇ ಪ್ರಧಾನವೆಂಬುದು ಶಾರ್ಙ್ಗದೇವನ ಮತ. ಈ ವಿವಾದಕ್ಕೂ ಅದೇ ಪರಿಹಾರ. ವಾದ್ಯವು ಯಾವ ದೇಶದ್ದೆಂಬುದು ಗೌಣ. ಯಾವುದು ಯಾವುದನ್ನು ಅನುಸರಿಸುತ್ತದೆಂಬುದು ಮುಖ್ಯ. ಕಲಿಯುವವನು ಮೊದಲು ಮನೆಯ ಹಿರಿಯಳ ಬಳಿ ಕುಳಿತು ಹಾಡನ್ನು ಕಂಠಸ್ಥ ಮಾಡಲಿ. ಆಕೆ ಎಲ್ಲಿ ಉಸಿರೆಳೆಯುವಳು, ಎಲ್ಲಿ ಮರಳುವಳು ಎಂಬುದನ್ನು ಗುರುತಿಸಿಕೊಳ್ಳಲಿ. ಅನಂತರ ಬೆರಳನ್ನು ತಂತಿಗೆ ಮುಟ್ಟಿಸಲಿ. ಈ ಕ್ರಮವು ತಪ್ಪದಿದ್ದಲ್ಲಿ ಪೇಟಿಯಾಗಲಿ ಗಿಟಾರಾಗಲಿ ಪಂಚಮಿಯ ಹಾಡಿಗೆ ಹೊರೆಯಾಗದೆ ಆಸರೆಯೇ ಆಗುವುದು.